ಪಾಠ ಹೇಳುವವರ ಕೂಲಿ ಯಾರ ಬಳಿ ಉಳಿದಿದೆ?



ಪದವಿ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಓದುತ್ತಿರುವ ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಹಣರೂಪದ ಕೂಲಿ ಎಂದರೇನು, ನೈಜ ಕೂಲಿ ಎಂದರೇನು ಎಂಬುದನ್ನು ಅವರು ಥಟ್ಟನೆ ಹೇಳಿಯಾರು. ತಿಂಗಳ ಕೊನೆಗೆ ಕೈಗೆ ಬರುವ ನೋಟುಗಳ ಎಣಿಕೆ ಮೊದಲನೆಯದು. ಆ ನೋಟುಗಳಿಗೆ ಅಂಗಡಿಯಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ದೊರೆಯುತ್ತದೆ ಎಂಬುದು ಎರಡನೆಯದು. ಬೆಲೆಗಳು ಏರುತ್ತಿರುವಾಗ ಸಂಬಳ ನಿಂತಲ್ಲಿಯೇ ನಿಂತರೆ, ಯಾರೂ ಕತ್ತರಿ ಹಾಕದೆಯೇ ದುಡಿಯುವವನ ಕೂಲಿ ಕಡಿತಗೊಳ್ಳುತ್ತದೆ. ಈ ಪಾಠವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುವ ಉಪನ್ಯಾಸಕ ಅಥವಾ ಉಪನ್ಯಾಸಕಿ ಅದಕ್ಕೆ ಉದಾಹರಣೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ತಮ್ಮದೇ ಸಂಬಳದ ಚೀಟಿಯನ್ನು ತೋರಿಸಿದರೆ ಸಾಕು.

ನಾನು ಇಲ್ಲಿ ಮಾತನಾಡಹೊರಟಿರುವುದು ನಮ್ಮ ಕ್ರೈಸ್ತ ಆಡಳಿತದ ಕಾಲೇಜುಗಳಲ್ಲಿ ಬಿ.ಕಾಂ., ಬಿ.ಬಿ.ಎ. ತರಗತಿಗಳಿಗೆ ಪಾಠ ಹೇಳುವ, ಆಡಳಿತ ಮಂಡಳಿಯಿಂದಲೇ ಸಂಬಳ ಪಡೆಯುವ ಶಿಕ್ಷಕವೃಂದದ ಬಗ್ಗೆ. ಯಾವುದೇ ಒಂದು ಸಂಸ್ಥೆಯನ್ನು ಬೊಟ್ಟುಮಾಡಿ ತೋರಿಸುವುದು ನನ್ನ ಉದ್ದೇಶವಲ್ಲ. ನ್ಯಾಯವಾಗಿ ನಡೆದುಕೊಳ್ಳುತ್ತಿರುವ ಆಡಳಿತಗಳೂ ನಮ್ಮಲ್ಲಿವೆ, ಅವುಗಳಿಗೆ ವಂದನೆಗಳು. ಆದರೆ ನ್ಯಾಯವು ಅಲ್ಲೊಂದು ಇಲ್ಲೊಂದು ಕಾಲೇಜಿನ ವಿಶೇಷ ಗುಣವಾಗಿ ಉಳಿದು, ಅನ್ಯಾಯವೇ ಸಾಮಾನ್ಯ ಪದ್ಧತಿಯಾಗಿರುವಾಗ ಸುಮ್ಮನಿರುವುದು ಯಾಜಕನಿಗೂ ತರವಲ್ಲ, ಭಕ್ತರಿಗೂ ತರವಲ್ಲ.

ತುಂಬಿದ ತರಗತಿ, ಬರಿದಾದ ಜೇಬು

ವಾಣಿಜ್ಯ ವಿಭಾಗದ ಪ್ರಶ್ನೆಯನ್ನೇ ಏಕೆ ಎತ್ತಿಕೊಂಡೆನೆಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ನಮ್ಮ ಹಳೆಯ ಕಾಲೇಜುಗಳು ಕಲೆ ಮತ್ತು ವಿಜ್ಞಾನ ವಿಭಾಗಗಳನ್ನು ನೆಚ್ಚಿಕೊಂಡು ಬೆಳೆದವು. ಅಲ್ಲಿನ ಅನೇಕ ಹುದ್ದೆಗಳಿಗೆ ಸರ್ಕಾರದ ವೇತನಾನುದಾನ ದೊರೆಯಿತು. ಅನಂತರದ ದಶಕಗಳಲ್ಲಿ ವಿದ್ಯಾರ್ಥಿಗಳ ಒಲವು ವಾಣಿಜ್ಯದ ಕಡೆಗೆ ಹರಿಯಿತು. ಒಂದು ವಿಭಾಗವಿದ್ದಲ್ಲಿ ಎರಡಾದವು, ಎರಡಿದ್ದಲ್ಲಿ ನಾಲ್ಕಾದವು, ಜೊತೆಗೆ ಬಿ.ಬಿ.ಎ. ಬಂದಿತು. ಹೀಗೆ ಹೊಸದಾಗಿ ಸೇರಿದ ತರಗತಿಗಳು ಬಹುಮಟ್ಟಿಗೆ ಅನುದಾನರಹಿತ. ಅನುದಾನಿತ ಉಪನ್ಯಾಸಕರು ನಿವೃತ್ತರಾದಾಗ ತೆರವಾದ ಸ್ಥಾನಗಳೂ ವರ್ಷಗಟ್ಟಲೆ ಭರ್ತಿಯಾಗದೆ ಉಳಿದವು.

ಇದರ ಪರಿಣಾಮವನ್ನು ಯಾವುದೇ ಸಿಬ್ಬಂದಿ ಕೊಠಡಿಯಲ್ಲಿ ಕಾಣಬಹುದು. ಅಕ್ಕಪಕ್ಕದ ಎರಡು ಕುರ್ಚಿಗಳಲ್ಲಿ ಇಬ್ಬರು ಕುಳಿತಿರುತ್ತಾರೆ. ಇಬ್ಬರೂ ಎಂ.ಕಾಂ. ಪದವೀಧರರು, ಇಬ್ಬರೂ ವೆಚ್ಚ ಲೆಕ್ಕಶಾಸ್ತ್ರವನ್ನೋ ಆದಾಯ ತೆರಿಗೆಯನ್ನೋ ಬೋಧಿಸುವವರು, ಇಬ್ಬರೂ ಅದೇ ವಿಶ್ವವಿದ್ಯಾಲಯದ ಉತ್ತರ ಪತ್ರಿಕೆಗಳನ್ನು ತಿದ್ದುವವರು. ಒಬ್ಬರಿಗೆ ಸರ್ಕಾರದ ವೇತನ ಶ್ರೇಣಿ, ಇನ್ನೊಬ್ಬರಿಗೆ ಅದರ ಮೂರನೇ ಒಂದು ಪಾಲೂ ಇಲ್ಲದ 'ಮ್ಯಾನೇಜ್‌ಮೆಂಟ್ ಸಂಬಳ'. ಕಾಲೇಜಿನ ಬೊಕ್ಕಸಕ್ಕೆ ಹೆಚ್ಚಿನ ಶುಲ್ಕವನ್ನು ತರುವುದು ಈ ಎರಡನೆಯವರು ಪಾಠ ಹೇಳುವ ತುಂಬಿದ ತರಗತಿಗಳೇ ಎಂಬುದು ಆಡಳಿತಗಾರರೆಲ್ಲರಿಗೂ ತಿಳಿದಿರುವ ಸತ್ಯ. ಹೆಚ್ಚು ಗಳಿಸಿಕೊಡುವ ವಿಭಾಗದಲ್ಲಿ ದುಡಿಯುವವರೇ ಕಡಿಮೆ ಪಡೆಯುವುದನ್ನು ಯಾವ ಲೆಕ್ಕಶಾಸ್ತ್ರ ಒಪ್ಪುತ್ತದೆ?

ಅವರ ಕೆಲಸವೂ ಹಗುರವಾದುದಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಪರೋಕ್ಷ ತೆರಿಗೆಯ ಹಳೆಯ ಪಾಠಗಳೆಲ್ಲವೂ ಒಂದೇ ದಿನದಲ್ಲಿ ಮೂಲೆ ಸೇರಿದವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು. 2024-25ರಲ್ಲಿ ಕರ್ನಾಟಕವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಾಲ್ಕೇ ವರ್ಷಗಳ ಅಂತರದಲ್ಲಿ ಎರಡು ಬಾರಿ ಪಠ್ಯಕ್ರಮವನ್ನು ಹೊಸದಾಗಿ ಅಭ್ಯಸಿಸಿ ಬೋಧಿಸಿದವರು ಇದೇ ಉಪನ್ಯಾಸಕರು. ಪ್ರತಿ ಬಜೆಟ್ಟಿನ ಬಳಿಕ ತೆರಿಗೆಯ ಪಾಠ ಬದಲಾಗುತ್ತದೆ. ಪ್ರತಿ ವರ್ಷ ಅವರು ತಮ್ಮ ಕೈಯಿಂದಲೇ ಹಣ ಕೊಟ್ಟು ಹೊಸ ಪುಸ್ತಕ ಕೊಳ್ಳುತ್ತಾರೆ.

ವಾಣಿಜ್ಯ ವಿದ್ಯೆ ನಮ್ಮ ನಾಡಿಗೆ, ನಮ್ಮ ಸಮುದಾಯಕ್ಕೆ ಪರಕೀಯವಾದುದೂ ಅಲ್ಲ. ಕರಾವಳಿಯು 1906ರಲ್ಲಿ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕಿಗೂ ಜನ್ಮ ನೀಡಿದ ನೆಲ. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಬಡಬಗ್ಗರಿಗೆ ಸಾಲದ ಆಸರೆ ದೊರೆಯಲೆಂದು ಸಹಕಾರಿ ಬ್ಯಾಂಕನ್ನು ಕಟ್ಟಿದರು. ಲೆಕ್ಕಪತ್ರವು ನೇರವಾಗಿದ್ದರೆ ಸಮುದಾಯವು ನೇರವಾಗಿ ನಿಲ್ಲುತ್ತದೆ ಎಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಅಂತಹ ವಿದ್ಯೆಯನ್ನು ಕಲಿಸುವವರ ಲೆಕ್ಕವನ್ನು ನಾವೂ ಒಮ್ಮೆ ನೇರವಾಗಿ ನೋಡೋಣ.

ಒಂದು ಮನೆಯ ಲೆಕ್ಕ

ಮೈಸೂರಿನಂತಹ ನಗರದಲ್ಲಿ, ಪತ್ನಿ, ಶಾಲೆಗೆ ಹೋಗುವ ಒಂದು ಮಗು ಮತ್ತು ವೃದ್ಧ ತಾಯಿಯೊಂದಿಗೆ ವಾಸವಾಗಿರುವ ಒಬ್ಬ ಉಪನ್ಯಾಸಕರನ್ನು ಊಹಿಸಿಕೊಳ್ಳಿ. ಸಂಬಳ ರೂ. 22,000 ಎಂದಿಟ್ಟುಕೊಳ್ಳೋಣ. ಇದಕ್ಕಿಂತ ಕಡಿಮೆ ಪಡೆಯುವವರು ನಿಮಗೆ ಪರಿಚಿತರಿದ್ದರೆ ಆ ಮೊತ್ತವನ್ನೇ ಇಲ್ಲಿ ಬರೆದುಕೊಳ್ಳಿ. ಭವಿಷ್ಯನಿಧಿಗೆ ರೂ. 1,800 ಕಳೆದರೆ ಕೈಗೆ ಬರುವುದು ರೂ. 20,200.

ಇನ್ನು ಖರ್ಚು. ಎರಡು ಕೋಣೆಯ ಮನೆಗೆ ಬಾಡಿಗೆ ರೂ. 8,000. ದಿನಸಿ, ತರಕಾರಿಗೆ ರೂ. 5,500. ದಿನಕ್ಕೆ ಒಂದು ಲೀಟರ್ ಹಾಲಿನಂತೆ ತಿಂಗಳಿಗೆ ರೂ. 1,400. ಅಡುಗೆ ಅನಿಲಕ್ಕೆ ರೂ. 900. ಸ್ಕೂಟರಿನ ಪೆಟ್ರೋಲಿಗೆ ರೂ. 2,000. ಮಗುವಿನ ಶಾಲಾ ಶುಲ್ಕವನ್ನು ತಿಂಗಳಿಗೆ ಹಂಚಿದರೆ ರೂ. 2,000. ತಾಯಿಯ ಔಷಧಿಗೆ ರೂ. 1,500. ದೂರವಾಣಿ ಮತ್ತು ಇಂಟರ್ನೆಟ್ಟಿಗೆ ರೂ. 800. ವಿದ್ಯುತ್ತಿನ ಖರ್ಚನ್ನು ಗೃಹಜ್ಯೋತಿಯ ಲೆಕ್ಕಕ್ಕೆ ಬಿಟ್ಟುಬಿಡೋಣ. ಒಟ್ಟು ಖರ್ಚು ರೂ. 22,100. ಮೊದಲ ತಿಂಗಳಲ್ಲಿಯೇ ರೂ. 1,900ರ ಕೊರತೆ.

ಈ ಲೆಕ್ಕದಲ್ಲಿ ಏನೇನು ಇಲ್ಲ ಎಂಬುದನ್ನು ಗಮನಿಸಿದಿರಾ? ಬಟ್ಟೆ ಇಲ್ಲ. ಕ್ರಿಸ್ಮಸ್ ಇಲ್ಲ. ಮಗುವಿಗೆ ಜ್ವರ ಬರುವಂತಿಲ್ಲ. ನೆಂಟರ ಮದುವೆಗೆ ಹೋಗುವಂತಿಲ್ಲ. ನಾಳೆಗೆಂದು ಉಳಿಸುವ ಒಂದು ರೂಪಾಯಿ ಇಲ್ಲ. ಅಷ್ಟೇ ಅಲ್ಲ, ಭಾನುವಾರದ ಕಾಣಿಕೆಯೂ ಇಲ್ಲ.

ಬೆಲೆಗಳು ಈ ಕುಟುಂಬಕ್ಕಾಗಿ ಕಾದು ನಿಲ್ಲುವುದಿಲ್ಲ. 2025ರ ಒಂದೇ ವರ್ಷವನ್ನು ನೆನಪಿಸಿಕೊಳ್ಳಿ. ಜನವರಿ 5ರಿಂದ ರಾಜ್ಯ ಸಾರಿಗೆ ಬಸ್ಸುಗಳ ದರ ಶೇಕಡಾ 15ರಷ್ಟು ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ರೂ. 4ರಷ್ಟು ತುಟ್ಟಿಯಾಯಿತು. ಅದೇ ತಿಂಗಳಲ್ಲಿ ಅಡುಗೆ ಅನಿಲದ ಸಿಲಿಂಡರಿಗೆ ರೂ. 50 ಹೆಚ್ಚಾಯಿತು. ಸರ್ಕಾರಿ ನೌಕರರಿಗೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತುಟ್ಟಿಭತ್ಯೆ ಏರುತ್ತದೆ. ನಮ್ಮ ಉಪನ್ಯಾಸಕರ ಸಂಬಳಕ್ಕೆ ವರ್ಷಕ್ಕೊಮ್ಮೆ ರೂ. 500 ಸೇರಿಸಿ, ಅದನ್ನೇ ಸಿಬ್ಬಂದಿ ಸಭೆಯಲ್ಲಿ ಉಪಕಾರವೆಂಬಂತೆ ಪ್ರಕಟಿಸುವ ಪದ್ಧತಿಯನ್ನು ಏನೆಂದು ಕರೆಯಬೇಕು?

"ಸಣ್ಣ ಊರಿನಲ್ಲಿ ಬದುಕು ಅಗ್ಗ" ಎಂಬ ಮಾತೂ ಕೇಳಿಬರುತ್ತದೆ. ಹಾಸನದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಬೆಂಗಳೂರಿಗಿಂತ ಬಾಡಿಗೆ ಕಡಿಮೆ, ನಿಜ. ಆದರೆ ಅನಿಲ, ಎಣ್ಣೆ, ಔಷಧಿ, ಪೆಟ್ರೋಲು, ಪುಸ್ತಕ ಇವು ಊರು ನೋಡಿ ಅಗ್ಗವಾಗುವ ವಸ್ತುಗಳಲ್ಲ. ದೊಡ್ಡ ಆಸ್ಪತ್ರೆಗೆ ಸಣ್ಣ ಊರಿನವರು ಇನ್ನೂ ದೂರ ಹೋಗಬೇಕು. ಕರಾವಳಿಯ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಆದ್ದರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಅಲ್ಲಿನ ಉಪನ್ಯಾಸಕಿಯರಿಗೆ ದೊರೆಯದು. ಊರಿನ ಖರ್ಚಿಗೆ ತಕ್ಕಂತೆ ಸಂಬಳ ಎಂಬುದು ನಿಜವಾದ ತತ್ವವಾಗಿದ್ದರೆ ಅದಕ್ಕೂ ಕ್ರಮವಿದೆ. ಕೇಂದ್ರ ಸರ್ಕಾರವು 2024ರ ಜನವರಿಯಿಂದ ತನ್ನ ನೌಕರರಿಗೆ ಬೆಂಗಳೂರಿನಲ್ಲಿ ಮೂಲವೇತನದ ಶೇಕಡಾ 30, ಮೈಸೂರು-ಮಂಗಳೂರುಗಳಲ್ಲಿ 20, ಸಣ್ಣ ಊರುಗಳಲ್ಲಿ 10ರಷ್ಟು ಮನೆಬಾಡಿಗೆ ಭತ್ಯೆ ನೀಡಿತು. ನಮ್ಮಲ್ಲಿ ಸಣ್ಣ ಊರಿನ ನೆಪದಲ್ಲಿ ಸಂಬಳ ಇಳಿಯುತ್ತದೆ. ದೊಡ್ಡ ಊರಿನ ಕಾರಣಕ್ಕೆ ಏರಿದ್ದನ್ನು ಕಂಡವರು ವಿರಳ.

ಅಳತೆಗೋಲುಗಳು ನಮ್ಮ ಮುಂದಿವೆ

ಎಷ್ಟು ಕೊಟ್ಟರೆ ನ್ಯಾಯ ಎಂಬುದಕ್ಕೆ ಅಳತೆಯೇ ಇಲ್ಲವೆಂದು ಹೇಳುವಂತಿಲ್ಲ. ಏಳನೆಯ ವೇತನ ಆಯೋಗದ ಬಳಿಕ, 2016ರ ಜನವರಿ 1ರಿಂದ ಅನ್ವಯವಾಗುವಂತೆ, ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವನ್ನು ರೂ. 57,700 ಎಂದು ನಿಗದಿಪಡಿಸಲಾಯಿತು. 2019ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅತಿಥಿ ಉಪನ್ಯಾಸಕರಿಗೆ ಒಂದು ಉಪನ್ಯಾಸಕ್ಕೆ ರೂ. 1,500ರಂತೆ, ತಿಂಗಳಿಗೆ ರೂ. 50,000 ಮೀರದಂತೆ ಗೌರವಧನವನ್ನು ಸೂಚಿಸಿತು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಹೋರಾಟ ನಡೆಸಿದಾಗ, ಅದುವರೆಗೆ ರೂ. 11,000ದಿಂದ 13,000ದಷ್ಟಿದ್ದ ಅವರ ಗೌರವಧನವನ್ನು 2022ರ ಜನವರಿಯಲ್ಲಿ ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ ರೂ. 26,000ದಿಂದ 32,000ಕ್ಕೆ ಏರಿಸಲಾಯಿತು. ಅದೂ ವಾರಕ್ಕೆ 15 ಗಂಟೆಗಳ ಬೋಧನೆಗೆ.

ಅತಿಥಿ ಎಂದು ಕರೆಸಿಕೊಂಡವರು ಬೀದಿಗಿಳಿದು ಪಡೆದ ಈ ಅಲ್ಪ ಮೊತ್ತವನ್ನೂ, ವಾರವಿಡೀ ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿಯುವ ನಮ್ಮ 'ಕುಟುಂಬದ ಸದಸ್ಯರು' ಪಡೆಯದಿದ್ದರೆ, ಕುಟುಂಬ ಎಂಬ ಪದವನ್ನು ನಾವು ಭಾಷಣಗಳಲ್ಲಿ ಬಳಸದಿರುವುದೇ ಲೇಸು.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು ಅಗತ್ಯ. "ಗಾರೆ ಕೆಲಸದವನಿಗೇ ಇದಕ್ಕಿಂತ ಹೆಚ್ಚು ಸಿಗುತ್ತದೆ" ಎಂದು ಉಪನ್ಯಾಸಕರ ಪರವಾಗಿ ಮಾತನಾಡುವವರು ಹೇಳುವುದುಂಟು. ಹಾಗೆ ಹೇಳಬೇಡಿ. ಗಾರೆ ಕೆಲಸದವನು ಬಿಸಿಲಿನಲ್ಲಿ ಬೆವರು ಸುರಿಸಿ ಪಡೆಯುವ ಕೂಲಿ ಅವನ ಹಕ್ಕು. ಅವನಿಗೆ ಹೆಚ್ಚು ಸಿಕ್ಕಿತೆಂಬುದು ನಮ್ಮ ದೂರಲ್ಲ. ಇವರಿಗೆ ಕಡಿಮೆ ಸಿಕ್ಕಿತೆಂಬುದೇ ದೂರು. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನ ಶಿಷ್ಯರು ಒಬ್ಬ ದುಡಿಮೆಗಾರನನ್ನು ಇನ್ನೊಬ್ಬನ ಎದುರು ನಿಲ್ಲಿಸಬಾರದು.

ಧರ್ಮಸಭೆ ಏನನ್ನು ಬೋಧಿಸುತ್ತದೆ?

ಇದು ಕೇವಲ ಆಡಳಿತದ ವಿಷಯ, ಧರ್ಮದ ವಿಷಯವಲ್ಲ ಎಂದು ಯಾರೂ ಭಾವಿಸದಿರಲಿ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಬಡ ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ವಿಧಿಸುತ್ತದೆ. ಕೂಲಿಯನ್ನು ಕಸಿದುಕೊಳ್ಳುವುದನ್ನು ಸಿರಾಖನ ಗ್ರಂಥದ 34ನೆಯ ಅಧ್ಯಾಯವು ರಕ್ತ ಹರಿಸುವ ಪಾಪಕ್ಕೆ ಸಮನೆಂದು ಸಾರುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಯನ್ನು ಮುಟ್ಟುತ್ತದೆ ಎಂದು ಸಂತ ಯಾಕೋಬರು ತಮ್ಮ ಪತ್ರದ 5ನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ.

ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ಮೇ 15ರಂದು ಹೊರಡಿಸಿದ 'ರೇರುಂ ನೋವಾರುಂ' ವಿಶ್ವಪತ್ರವು ಕೂಲಿಯ ಪ್ರಶ್ನೆಯನ್ನು ಧರ್ಮಸಭೆಯ ಬೋಧನೆಯ ನಡುಮನೆಗೆ ತಂದಿತು. ದುಡಿಯುವವನಿಗೂ ಮಾಲೀಕನಿಗೂ ಆಗುವ ಒಪ್ಪಂದಕ್ಕಿಂತ ಹಿರಿದಾದ ಸಹಜ ನ್ಯಾಯವೊಂದಿದೆ ಎಂದು ಅದು ಬೋಧಿಸಿತು. 1981ರಲ್ಲಿ ಸಂತ ಎರಡನೆಯ ಜಾನ್ ಪೌಲರು ಮಾನವನ ದುಡಿಮೆಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ಒಂದು ವ್ಯವಸ್ಥೆ ನ್ಯಾಯಯುತವೇ ಅಲ್ಲವೇ ಎಂಬುದನ್ನು ಅದು ಕೊಡುವ ವೇತನದಿಂದಲೇ ಪರೀಕ್ಷಿಸಬೇಕೆಂದರು. ಆ ವೇತನವು ಒಬ್ಬ ವ್ಯಕ್ತಿಗಲ್ಲ, ಒಂದು ಕುಟುಂಬಕ್ಕೆ ಸಾಕಾಗಬೇಕೆಂದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ, 'ರೇರುಂ ನೋವಾರುಂ' ಬರೆದ ಲಿಯೋ ಅವರ ನೆನಪೇ ಅದಕ್ಕೆ ಮುಖ್ಯ ಕಾರಣವೆಂದು ತಾವೇ ಕಾರ್ಡಿನಲರ ಮುಂದೆ ತಿಳಿಸಿದರು.

ಇವೆಲ್ಲ ಕಾರ್ಖಾನೆಯವರಿಗೆ ಹೇಳಿದ ಮಾತು, ನಮಗಲ್ಲ ಎನ್ನುವಂತಿಲ್ಲ. 1971ರ ಧರ್ಮಾಧ್ಯಕ್ಷರ ಸಿನೋಡು ಜಗತ್ತಿನಲ್ಲಿ ನ್ಯಾಯವನ್ನು ಕುರಿತು ಚರ್ಚಿಸಿದಾಗ, ಇತರರಿಗೆ ನ್ಯಾಯವನ್ನು ಬೋಧಿಸುವವರು ಮೊದಲು ಅವರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕೆಂದು ತೀರ್ಮಾನಿಸಿತು. ಧರ್ಮಸಭೆಯ ಕೆಲಸ ಮಾಡುವವರಿಗೆ ಸಾಕಷ್ಟು ಜೀವನೋಪಾಯವೂ ಸಾಮಾಜಿಕ ಭದ್ರತೆಯೂ ಇರಬೇಕೆಂದಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 1286ನೆಯ ವಿಧಿಯು ಧರ್ಮಸಭೆಯ ಆಸ್ತಿಯ ಆಡಳಿತಗಾರರಿಗೆ ಎರಡು ಕಟ್ಟಳೆಗಳನ್ನು ಹಾಕಿದೆ: ದುಡಿಮೆಗೆ ಸಂಬಂಧಿಸಿದ ನಾಡಿನ ಕಾನೂನುಗಳನ್ನು ಪಾಲಿಸಬೇಕು, ದುಡಿಯುವವರು ತಮ್ಮ ಮತ್ತು ತಮ್ಮನ್ನು ಆಶ್ರಯಿಸಿದವರ ಅಗತ್ಯಗಳನ್ನು ಪೂರೈಸಬಲ್ಲಂತೆ ನ್ಯಾಯವಾದ, ಮರ್ಯಾದೆಯ ವೇತನ ಕೊಡಬೇಕು. ಇದು ಸದುಪದೇಶವಲ್ಲ, ಕಾನೂನು. ವಿವಾಹಕ್ಕೂ ಜ್ಞಾನಸ್ನಾನಕ್ಕೂ ಅದೇ ಸಂಹಿತೆಯ ವಿಧಿಗಳನ್ನು ಚಾಚೂ ತಪ್ಪದೆ ಅನ್ವಯಿಸುವ ನಾವು ಈ ಒಂದು ವಿಧಿಯ ಪುಟವನ್ನು ಮಾತ್ರ ಏಕೆ ತೆರೆಯುವುದಿಲ್ಲ?

ಕೇಳಿಬರುವ ಸಮಜಾಯಿಷಿಗಳು

"ಸಂಬಳ ಎಷ್ಟೆಂದು ತಿಳಿದೇ ಒಪ್ಪಿ ಬಂದವರಲ್ಲವೇ?" ಇದು ಮೊದಲನೆಯ ಸಮಜಾಯಿಷಿ. ಕಥೋಲಿಕ ಧರ್ಮೋಪದೇಶ ಗ್ರಂಥದ 2434ನೆಯ ಪರಿಚ್ಛೇದವು ಇದಕ್ಕೆ ನೇರವಾಗಿ ಉತ್ತರಿಸುತ್ತದೆ: ಎರಡು ಕಡೆಯವರೂ ಒಪ್ಪಿಕೊಂಡ ಮಾತ್ರಕ್ಕೆ ಒಂದು ವೇತನವು ನೈತಿಕವಾಗಿ ನ್ಯಾಯವೆನಿಸದು. ಮನೆಯಲ್ಲಿ ಒಲೆ ಉರಿಯಬೇಕಾದವನ ಒಪ್ಪಿಗೆಯಲ್ಲಿ ಸ್ವಾತಂತ್ರ್ಯ ಎಷ್ಟಿರುತ್ತದೆ? ನೂರು ಅರ್ಜಿಗಳು ಬಂದಿವೆ ಎಂಬುದು ಸಂಬಳವನ್ನು ಇಳಿಸಲು ಕಾರಣವೆಂದಾದರೆ, ಸಂತೆಯ ವ್ಯಾಪಾರಿಗೂ ನಮಗೂ ಇರುವ ಅಂತರವಾದರೂ ಏನು?

"ಇದು ಸೇವೆ, ವ್ಯಾಪಾರವಲ್ಲ" ಎಂಬುದು ಎರಡನೆಯದು. ಈ ಮಾತನ್ನು ಹೆಚ್ಚಾಗಿ ಆಡುವವರು ನಾವು, ಯಾಜಕರು ಮತ್ತು ಧರ್ಮಭಗಿನಿಯರು. ನಮಗೆ ವಾಸಕ್ಕೆ ಮನೆಯಿದೆ, ಊಟಕ್ಕೆ ಅಡುಗೆಮನೆಯಿದೆ, ಕಾಯಿಲೆಯಾದರೆ ನೋಡಿಕೊಳ್ಳುವವರಿದ್ದಾರೆ, ಮುಪ್ಪಿಗೆ ಆಸರೆಯಿದೆ. ಧರ್ಮಭಗಿನಿಯರು ಬಡತನದ ವ್ರತವನ್ನು ತಾವಾಗಿಯೇ ಕೈಗೊಂಡವರು. ಉಪನ್ಯಾಸಕರು ಕೈಗೊಂಡಿರುವುದು ವಿವಾಹದ ವ್ರತವನ್ನು. ಪತಿಯನ್ನು ಅಥವಾ ಪತ್ನಿಯನ್ನು, ಮಕ್ಕಳನ್ನು, ಮುದಿ ತಂದೆತಾಯಿಯರನ್ನು ಸಲಹುವುದೇ ಅವರ ಪವಿತ್ರ ಕರ್ತವ್ಯ. ಒಬ್ಬರ ವ್ರತವನ್ನು ಇನ್ನೊಬ್ಬರ ಹೆಗಲಿಗೆ ಹೇರುವುದು ಸೇವೆಯಲ್ಲ. ಇಷ್ಟಕ್ಕೂ ನಮ್ಮ ಉಪನ್ಯಾಸಕರಲ್ಲಿ ಅನ್ಯಧರ್ಮೀಯರೂ ಬಹಳ ಮಂದಿ ಇದ್ದಾರೆ. ಕ್ರಿಸ್ತನನ್ನು ಅವರು ನಮ್ಮ ಪ್ರಾರ್ಥನಾಲಯದಲ್ಲಿ ಕಾಣುವುದಕ್ಕಿಂತ ಮೊದಲು ನಮ್ಮ ಕಚೇರಿಯ ವ್ಯವಹಾರದಲ್ಲಿ ಕಾಣುತ್ತಾರೆ.

"ನಾವು ಅಲ್ಪಸಂಖ್ಯಾತ ಸಂಸ್ಥೆ; ಆಡಳಿತ ನಮ್ಮ ಹಕ್ಕು" ಎಂಬುದು ಮೂರನೆಯದು. ಸಂವಿಧಾನದ 30ನೆಯ ವಿಧಿಯು ನಮಗೆ ಅಮೂಲ್ಯವಾದುದು. ಅದಕ್ಕಾಗಿ ನಾವು ಹೋರಾಡಬೇಕು. ಆದರೆ ಸಿಬ್ಬಂದಿಗೆ ಕಡಿಮೆ ಸಂಬಳ ಕೊಡುವ ಹಕ್ಕು ಅದರಲ್ಲಿ ಅಡಗಿಲ್ಲ. ದೆಹಲಿಯ ಫ್ರ್ಯಾಂಕ್ ಆಂಟನಿ ಪಬ್ಲಿಕ್ ಸ್ಕೂಲಿನ ನೌಕರರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು: ಅನುದಾನರಹಿತ ಅಲ್ಪಸಂಖ್ಯಾತ ಶಾಲೆಯ ಶಿಕ್ಷಕರಿಗೆ ಸರ್ಕಾರಿ ಶಾಲೆಯವರಿಗೆ ಸಮನಾದ ವೇತನ ಕೊಡಬೇಕೆಂಬ ನಿಯಮವು 30ನೆಯ ವಿಧಿಗೆ ಧಕ್ಕೆ ತರುವುದಿಲ್ಲ. ಅದು ದೆಹಲಿಯ ಕಾಯಿದೆಯೊಂದನ್ನು ಕುರಿತ ತೀರ್ಪು. ಆದರೆ ಅದರ ತತ್ವ ನಮಗೂ ದಾರಿದೀಪ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪೂ ಸಿಬ್ಬಂದಿಯ ಹಿತರಕ್ಷಣೆಗೆ ನಿಯಮಗಳನ್ನು ಮಾಡಲು ಅವಕಾಶವಿದೆಯೆಂದಿತು. ಗ್ರಾಚ್ಯುಟಿಯ ವಿಷಯದಲ್ಲಿಯೂ ಹಾಗೆಯೇ. 2009ರ ತಿದ್ದುಪಡಿಯು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರಿಗೂ ಅದನ್ನು ವಿಸ್ತರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟಿನಲ್ಲಿ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಪ್ರತಿ ವರ್ಷ ಮಾರ್ಚಿನಲ್ಲಿಯೋ ಏಪ್ರಿಲಿನಲ್ಲಿಯೋ ಸೇವೆಗೆ ವಿರಾಮ ಕೊಟ್ಟು, ಜೂನಿನಲ್ಲಿ ಹೊಸ ನೇಮಕಾತಿ ಪತ್ರ ಕೊಡುವ ಜಾಣ್ಮೆಯು ನ್ಯಾಯಾಲಯದ ಕಣ್ಣಿಗೆ ಬೀಳದಿರಬಹುದು. ದೇವರ ಕಣ್ಣಿಗೆ ಬೀಳುವುದಿಲ್ಲವೇ? ರಜೆಯ ಎರಡು ತಿಂಗಳು ಆ ಕುಟುಂಬಕ್ಕೆ ಹಸಿವಾಗುವುದಿಲ್ಲವೇ?

ನಾಲ್ಕನೆಯ ಸಮಜಾಯಿಷಿ ಗಂಭೀರವಾದುದು: "ಹಣವೆಲ್ಲಿದೆ? ಶುಲ್ಕ ಏರಿಸಿದರೆ ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು?" ಸರ್ಕಾರದ ಅನುದಾನ ಕುಗ್ಗಿರುವುದು ನಿಜ. ಗ್ರಾಮಾಂತರದ ಕೆಲವು ಕಾಲೇಜುಗಳು ನಿಜವಾಗಿಯೂ ಕಷ್ಟದಲ್ಲಿವೆ. ಆದರೆ ಎರಡು ಮಾತುಗಳನ್ನು ಹೇಳಲೇಬೇಕು. ಮೊದಲನೆಯದಾಗಿ, ಹಣವಿಲ್ಲವೆಂದು ಹೇಳುವವರು ಲೆಕ್ಕಪತ್ರವನ್ನು ತೆರೆದು ತೋರಿಸಲಿ. ಸಂಬಳಕ್ಕೆ ಹಣವಿಲ್ಲದಿದ್ದರೂ ಗ್ರಾನೈಟಿನ ಹೆಬ್ಬಾಗಿಲಿಗೆ, ಹವಾನಿಯಂತ್ರಿತ ಸಭಾಂಗಣಕ್ಕೆ, ಮಹೋತ್ಸವದ ಶಾಮಿಯಾನಕ್ಕೆ ಹಣ ಹೇಗೋ ಒದಗಿಬರುತ್ತದೆ. ನೆರೆಯವನನ್ನು ಕೂಲಿಯಿಲ್ಲದೆ ದುಡಿಸಿಕೊಂಡು ವಿಶಾಲವಾದ ಮಾಳಿಗೆಗಳನ್ನು ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿದ ಅರಸನನ್ನು ಪ್ರವಾದಿ ಯೆರೆಮೀಯನು ಹೇಗೆ ಖಂಡಿಸಿದನೆಂಬುದನ್ನು ಅವನ ಗ್ರಂಥದ 22ನೆಯ ಅಧ್ಯಾಯದಲ್ಲಿ ಓದಿ. ಎರಡನೆಯದಾಗಿ, ಬಡ ವಿದ್ಯಾರ್ಥಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವುದು ಪುಣ್ಯಕಾರ್ಯ. ಆದರೆ ಆ ರಿಯಾಯಿತಿ ಉಪನ್ಯಾಸಕರ ಸಂಬಳದಿಂದ ಕಡಿತವಾದ ಹಣವಾದರೆ ದಾನ ಮಾಡಿದವರು ಯಾರು? ಹೆಸರು ಸಂಸ್ಥೆಯದು, ತ್ಯಾಗ ಅವರದು. ಆ ಹೊರೆಯನ್ನು ಧರ್ಮಕೇಂದ್ರಗಳು, ಹಳೆಯ ವಿದ್ಯಾರ್ಥಿಗಳು, ಶಕ್ತರಾದ ಪೋಷಕರು, ಧರ್ಮಕ್ಷೇತ್ರ ಎಲ್ಲರೂ ಹಂಚಿಕೊಳ್ಳಬೇಕು.

ಬೆಲೆ ತೆರುವವರು ಯಾರು?

ಕಡಿಮೆ ಸಂಬಳ ಎಂದರೆ ಉಳಿತಾಯವಲ್ಲ. ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ. ಸಮರ್ಥರು ಬ್ಯಾಂಕುಗಳಿಗೋ ಖಾಸಗಿ ಕಂಪನಿಗಳ ಲೆಕ್ಕಪತ್ರ ವಿಭಾಗಗಳಿಗೋ ಹೊರಟುಹೋಗುತ್ತಾರೆ. ಸೆಮಿಸ್ಟರಿನ ನಡುವೆ ಉಪನ್ಯಾಸಕರು ಬದಲಾಗುತ್ತಾರೆ, ಪಾಠ ಅರ್ಧಕ್ಕೆ ನಿಲ್ಲುತ್ತದೆ. ಉಳಿದವರು ಸಂಜೆ ಮನೆಪಾಠ ಹೇಳಿ, ರಾತ್ರಿ ಅಂಗಡಿಗಳ ತೆರಿಗೆ ಲೆಕ್ಕ ಬರೆದು, ಬೆಳಿಗ್ಗೆ ದಣಿದ ಕಣ್ಣುಗಳಿಂದ ತರಗತಿಗೆ ಬರುತ್ತಾರೆ. ನೆಟ್ ಅಥವಾ ಕೆಸೆಟ್ ಪರೀಕ್ಷೆಗೆ ಓದಲು, ಸಂಶೋಧನೆ ನಡೆಸಲು ಅವರಿಗೆ ಹೊತ್ತೂ ಇಲ್ಲ, ಹಣವೂ ಇಲ್ಲ. ಆ ಅರ್ಹತೆ ಇಲ್ಲವೆಂಬ ಕಾರಣಕ್ಕೇ ಸಂಬಳ ಏರುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿಯೇ ಇದರ ನೋವಿದೆ. ಕಷ್ಟಪಟ್ಟು ಎಂ.ಕಾಂ. ಓದಿಸಿದ ಮಗಳು ಹತ್ತು ವರ್ಷ ಪಾಠ ಹೇಳಿದ ಮೇಲೆಯೂ ಬಸ್ಸಿನ ಚೀಟಿಗೆ ತಂದೆಯ ಪಿಂಚಣಿಯನ್ನು ನೆಚ್ಚಿರುತ್ತಾಳೆ. ಖಾಸಗಿ ಕಾಲೇಜಿನ ಉಪನ್ಯಾಸಕನೆಂದರೆ ಹೆಣ್ಣು ಕೊಡಲು ಹಿಂಜರಿಯುವವರು ನಾವೇ. ಅದೇ ಹುಡುಗನು ನಮ್ಮ ಮಕ್ಕಳಿಗೆ ಉತ್ತಮ ಶಿಕ್ಷಕನಾಗಿರಬೇಕೆಂದು ಬಯಸುವವರೂ ನಾವೇ.

ಹಾಗಾದರೆ ಮಾಡಬೇಕಾದುದೇನು?

ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಸ್ಪಷ್ಟವಾಗಿದೆ. ಪ್ರತಿ ಕಾಲೇಜಿಗೂ ಬರವಣಿಗೆಯಲ್ಲಿ ಒಂದು ವೇತನ ಶ್ರೇಣಿಯಿರಲಿ. ಯಾರಿಗೆ ಎಷ್ಟು ಎಂಬುದು ಪ್ರಾಂಶುಪಾಲರ ಮುಖ ನೋಡಿ ನಿರ್ಧಾರವಾಗದಿರಲಿ. ಸರ್ಕಾರಿ ಶ್ರೇಣಿಯನ್ನು ಒಮ್ಮೆಲೇ ಮುಟ್ಟಲಾಗದಿದ್ದರೆ, ಇಷ್ಟು ವರ್ಷಗಳಲ್ಲಿ ಇಷ್ಟು ಪಾಲನ್ನು ತಲುಪುತ್ತೇವೆಂಬ ಯೋಜನೆಯನ್ನು ಸಿಬ್ಬಂದಿಯ ಮುಂದಿಡಿ. ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡ ತುಟ್ಟಿಭತ್ಯೆಯನ್ನೂ ಊರಿಗೆ ತಕ್ಕ ಮನೆಬಾಡಿಗೆ ಭತ್ಯೆಯನ್ನೂ ಸೇರಿಸಿ. ಹನ್ನೆರಡು ತಿಂಗಳ ಸಂಬಳ ಕೊಡಿ. ಭವಿಷ್ಯನಿಧಿಯಲ್ಲಿ ಸಂಸ್ಥೆಯ ಪಾಲನ್ನು ಉಪನ್ಯಾಸಕರ ಸಂಬಳದಿಂದಲೇ ಕಳೆಯಬೇಡಿ. ಗ್ರಾಚ್ಯುಟಿಗೆ ಪ್ರತ್ಯೇಕ ನಿಧಿ ಕೂಡಿಸಿ. ಹೊಸ ಕಟ್ಟಡದ ನಕ್ಷೆಗೆ ಸಹಿ ಹಾಕುವ ಮುನ್ನ ಸಂಬಳದ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಳ್ಳಿ. ಧರ್ಮಕ್ಷೇತ್ರದ ಮಟ್ಟದಲ್ಲಿ, ಶಕ್ತ ಕಾಲೇಜುಗಳು ದುರ್ಬಲ ಕಾಲೇಜುಗಳಿಗೆ ನೆರವಾಗುವ ವೇತನ ನಿಧಿಯೊಂದು ಏಕೆ ಆಗಬಾರದು? ಆದಿ ಕ್ರೈಸ್ತರು ಕೊರತೆಯಿದ್ದವರಿಗೆ ಹಂಚಿಕೊಂಡು ಬಾಳಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುವವರು ನಾವಲ್ಲವೇ?

ಇನ್ನು ನೀವು, ಧರ್ಮಕೇಂದ್ರದ ಕುಟುಂಬದವರು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ ನೀವು ಶುಲ್ಕ ಎಷ್ಟೆಂದು ಕೇಳುತ್ತೀರಿ, ಕಂಪ್ಯೂಟರ್ ಕೋಣೆಯನ್ನು ನೋಡುತ್ತೀರಿ, ಕ್ಯಾಂಪಸ್ ನೇಮಕಾತಿಯ ಬಗ್ಗೆ ವಿಚಾರಿಸುತ್ತೀರಿ. ಇನ್ನು ಮೇಲೆ ಇನ್ನೊಂದು ಪ್ರಶ್ನೆಯನ್ನೂ ವಿನಯದಿಂದ ಕೇಳಿ: "ಫಾದರ್, ಸಿಸ್ಟರ್, ನಮ್ಮ ಮಕ್ಕಳಿಗೆ ಪಾಠ ಹೇಳುವವರಿಗೆ ಎಷ್ಟು ಕೊಡುತ್ತೀರಿ? ಆ ಸಂಬಳದಲ್ಲಿ ಈ ಊರಿನಲ್ಲಿ ಒಂದು ಸಂಸಾರ ನಡೆಯುತ್ತದೆಯೇ?" ಪೋಷಕರ ಸಭೆಯಲ್ಲಿ ಕೇಳಿ, ಪಾಲನಾ ಸಮಿತಿಯಲ್ಲಿ ಕೇಳಿ. ಶುಲ್ಕದ ಒಂದು ಅಲ್ಪ ಏರಿಕೆಯು ನೇರವಾಗಿ ಉಪನ್ಯಾಸಕರ ಸಂಬಳಕ್ಕೆ ಹೋಗುತ್ತದೆಂಬ ಭರವಸೆ ದೊರೆತರೆ, ಶಕ್ತರಾದವರು ಅದನ್ನು ವಿರೋಧಿಸಬೇಡಿ. ಹಾಗೆಯೇ, ನಿಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಗೆ, ನಿಮ್ಮ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಕೊಡುವ ಕೂಲಿಯನ್ನೂ ಅದೇ ಅಳತೆಗೋಲಿನಿಂದ ಅಳೆಯಿರಿ. ನ್ಯಾಯದ ಪ್ರಶ್ನೆಯನ್ನು ಕೇಳುವವರು ಅದಕ್ಕೆ ಉತ್ತರಿಸಲೂ ಸಿದ್ಧರಿರಬೇಕು.

ದ್ರಾಕ್ಷಿತೋಟದ ಒಡೆಯನ ಸಾಮತಿಯು ಮುಖ್ಯವಾಗಿ ದೇವರ ಕೃಪೆಯನ್ನು ಕುರಿತದ್ದು, ನಿಜ. ಆದರೂ ಅದರಲ್ಲಿನ ಒಂದು ಸಂಗತಿಯನ್ನು ಮರೆಯಬಾರದು. ಸಂಜೆ ಬಂದವನಿಗೂ ಆ ಒಡೆಯನು ಒಂದು ಪೂರ್ಣ ದಿನಾರಿಯನ್ನು ಕೊಟ್ಟನು. ಅಂದಿನ ಕಾಲಕ್ಕೆ ಅದು ಒಂದು ದಿನದ ಕೂಲಿ; ಒಂದು ಕುಟುಂಬದ ಆ ದಿನದ ಅನ್ನ. ತಡವಾಗಿ ಬಂದವನಿಗೂ ಮನೆಯಿದೆ, ಮಕ್ಕಳಿದ್ದಾರೆ ಎಂಬುದು ಆ ಒಡೆಯನಿಗೆ ತಿಳಿದಿತ್ತು. ನಮ್ಮ ಉಪನ್ಯಾಸಕರು ತಡವಾಗಿ ಬಂದವರಲ್ಲ. ಮುಂಜಾನೆಯಿಂದಲೇ ದುಡಿಯುತ್ತಿರುವವರು. ಅವರು ಕೃಪೆಯನ್ನು ಬೇಡುತ್ತಿಲ್ಲ, ಮಾತನಾಡಿಕೊಂಡ ದಿನಾರಿ ಒಂದು ದಿನದ ಅನ್ನಕ್ಕೆ ಸಾಕಾಗಲಿ ಎನ್ನುತ್ತಿದ್ದಾರೆ.

ಪ್ರತಿ ವರ್ಷ ಮೇ 1ರಂದು ನಾವು ಶ್ರಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದ್ದು ದುಡಿಮೆಗೆ ಗೌರವ ಸಲ್ಲಲೆಂದು. ಮುಂದಿನ ಮೇ ತಿಂಗಳು ಬರುವಷ್ಟರಲ್ಲಿ, ನಮ್ಮ ಧರ್ಮಕ್ಷೇತ್ರದ ಒಂದಾದರೂ ಕಾಲೇಜು ತನ್ನ ವೇತನ ಶ್ರೇಣಿಯನ್ನು ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಿ. ಅದನ್ನು ಓದಿದ ಒಬ್ಬ ಉಪನ್ಯಾಸಕಿ ತಲೆಯೆತ್ತಿ ತರಗತಿಗೆ ನಡೆಯಲಿ. ಅಂದಿನ ಬಲಿಪೂಜೆಯ ಕಾಣಿಕೆ ದೇವರಿಗೆ ಮೆಚ್ಚುಗೆಯಾದೀತು.